ಸಜಾಬಂದಿಗಳ ಸ್ವದೇಶ ವರ್ಗಾವಣೆ ಒಪ್ಪಂದಗಳು

ಸಜಾಬಂದಿಗಳ ಸ್ವದೇಶ ವರ್ಗಾವಣೆ ಒಪ್ಪಂದಗಳು ಎಂದರೆ, ಒಂದು ದೇಶದ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಿ ಸೆರೆವಾಸ ಅನುಭವಿಸುತ್ತಿರುವ ವಿದೇಶಿ ಪ್ರಜೆಯು ಶಿಕ್ಷೆಯ ಉಳಿದ ಅವಧಿಯನ್ನು ತನ್ನ ಸ್ವಂತ ದೇಶದ ಕಾರಾಗೃಹದಲ್ಲಿ ಕಳೆಯಲು ಅವಕಾಶ ನೀಡುವ ಅಂತರರಾಷ್ಟ್ರೀಯ ಒಪ್ಪಂದಗಳು. ಇವುಗಳಿಂದ ಬದಲಾಗುವುದು ಶಿಕ್ಷೆಯ ಸ್ಥಳವೇ ಹೊರತು ಶಿಕ್ಷೆಯಲ್ಲ. ಭಾರತದಲ್ಲಿ ಈ ವ್ಯವಸ್ಥೆಗೆ 2003ರ ಕೈದಿಗಳ ಸ್ವದೇಶ ವಾಪಸಾತಿ ಕಾಯ್ದೆಯು ಆಧಾರವಾಗಿದೆ. ಕೊಲ್ಲಿ ದೇಶಗಳಿಗೆ ಉದ್ಯೋಗಕ್ಕಾಗಿ ಜನರು ತೆರಳುವ ಬೀದರ್, ಭಾಲ್ಕಿ, ಔರಾದ್ ಮೊದಲಾದ ಪ್ರದೇಶಗಳ ಕುಟುಂಬಗಳಿಗೆ ಈ ಒಪ್ಪಂದಗಳು ನೇರವಾಗಿ ಸಂಬಂಧಿಸಿವೆ.

ಹೆಸರು ಮತ್ತು ವ್ಯಾಪ್ತಿ

ದಿನಪತ್ರಿಕೆಗಳಲ್ಲಿಯೂ ಆಡುಮಾತಿನಲ್ಲಿಯೂ ‘ಗಡೀಪಾರು’ ಎಂಬ ಒಂದೇ ಪದವನ್ನು ಹಲವು ಅರ್ಥಗಳಲ್ಲಿ ಬಳಸಲಾಗುತ್ತದೆ. ಕಾನೂನಿನಲ್ಲಿ ಅವು ಬೇರೆ ಬೇರೆ ಕ್ರಮಗಳಾಗಿವೆ.

ಹಸ್ತಾಂತರ: ಆರೋಪಿಯೊಬ್ಬನು ಬೇರೆ ದೇಶಕ್ಕೆ ಓಡಿಹೋದಾಗ, ವಿಚಾರಣೆಗಾಗಿ ಅಥವಾ ಶಿಕ್ಷೆಗಾಗಿ ಅವನನ್ನು ಕೇಳಿ ಪಡೆಯುವುದು. ಭಾರತದಲ್ಲಿ ಇದಕ್ಕೆ 1962ರ ಹಸ್ತಾಂತರ ಕಾಯ್ದೆಯು ಅನ್ವಯಿಸುತ್ತದೆ. ಇದರಲ್ಲಿ ಆರೋಪಿಯ ಒಪ್ಪಿಗೆ ಬೇಕಿಲ್ಲ.

ದೇಶದಿಂದ ಹೊರಹಾಕುವುದು: ವೀಸಾ ಅವಧಿ ಮೀರಿದವರನ್ನು ಅಥವಾ ಶಿಕ್ಷೆ ಮುಗಿಸಿದ ವಿದೇಶಿಯರನ್ನು ಅವರ ದೇಶಕ್ಕೆ ಕಳುಹಿಸುವುದು. ಹೀಗೆ ಬಂದವರು ಸ್ವದೇಶದಲ್ಲಿ ಸಾಮಾನ್ಯವಾಗಿ ಸ್ವತಂತ್ರರು.

ಕ್ಷಮಾದಾನ: ಆಳುವವರು ಶಿಕ್ಷೆಯನ್ನೇ ಮನ್ನಾ ಮಾಡುವುದು. ಕೊಲ್ಲಿ ದೇಶಗಳಲ್ಲಿ ರಂಜಾನ್ ತಿಂಗಳು ಹಾಗೂ ರಾಷ್ಟ್ರೀಯ ದಿನಗಳ ಸಂದರ್ಭದಲ್ಲಿ ಇದು ರೂಢಿಯಲ್ಲಿದೆ.

ಸಜಾಬಂದಿಗಳ ವರ್ಗಾವಣೆ: ಶಿಕ್ಷೆ ಮುಂದುವರಿದಿರುವಾಗಲೇ ಕೈದಿಯು ಒಂದು ದೇಶದ ಕಾರಾಗೃಹದಿಂದ ಇನ್ನೊಂದು ದೇಶದ ಕಾರಾಗೃಹಕ್ಕೆ ಬರುವುದು. ವಿಮಾನದಿಂದ ಇಳಿದ ಮೇಲೆಯೂ ಅವನು ಕೈದಿಯೇ ಆಗಿರುತ್ತಾನೆ.

ಈ ಲೇಖನವು ನಾಲ್ಕನೆಯ ಕ್ರಮಕ್ಕೆ ಸಂಬಂಧಿಸಿದೆ.

ಹಿನ್ನೆಲೆ

ಪರದೇಶದ ಸೆರೆಮನೆಯಲ್ಲಿರುವವನಿಗೆ ಶಿಕ್ಷೆಯು ಎರಡು ಪಟ್ಟು ಭಾರವಾಗುತ್ತದೆ. ಕಾವಲುಗಾರರ ಭಾಷೆ ತಿಳಿಯುವುದಿಲ್ಲ, ಊಟ ಒಗ್ಗುವುದಿಲ್ಲ, ಮನೆಯವರು ಭೇಟಿಗೆ ಬರಲಾರರು. ಬಿಡುಗಡೆಯ ನಂತರ ಸಮಾಜದಲ್ಲಿ ಮತ್ತೆ ನೆಲೆಗೊಳ್ಳಲು ಬೇಕಾದ ಸಂಬಂಧಗಳು ಸೆರೆವಾಸದ ಅವಧಿಯಲ್ಲಿಯೇ ಕಡಿದುಹೋಗುತ್ತವೆ. ಸುಧಾರಣೆಯೂ ಶಿಕ್ಷೆಯ ಉದ್ದೇಶವೆಂದು ಒಪ್ಪಿದ ಮೇಲೆ, ಕೈದಿಯನ್ನು ಅವನ ಸಮಾಜಕ್ಕೆ ಹತ್ತಿರದಲ್ಲಿ ಇರಿಸಬೇಕೆಂಬ ವಿಚಾರವು ಬಲಗೊಂಡಿತು. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳು, ಸಾಧ್ಯವಾದ ಮಟ್ಟಿಗೆ ಕೈದಿಗಳನ್ನು ಅವರ ಮನೆಗೆ ಸಮೀಪದ ಕಾರಾಗೃಹದಲ್ಲಿ ಇಡಬೇಕೆಂದು ಹೇಳುತ್ತವೆ.

ಅಮೆರಿಕ ಮತ್ತು ಮೆಕ್ಸಿಕೊ ದೇಶಗಳು 1976ರಲ್ಲಿ ಇಂತಹ ಒಂದು ಪ್ರಮುಖ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಹಾಕಿದವು. ಯುರೋಪ್ ಮಂಡಳಿಯು 1983ರ ಮಾರ್ಚ್ 21ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ರೂಪಿಸಿದ ಶಿಕ್ಷೆಗೊಳಗಾದ ವ್ಯಕ್ತಿಗಳ ವರ್ಗಾವಣೆಯ ಒಡಂಬಡಿಕೆಯು 1985ರಲ್ಲಿ ಜಾರಿಗೆ ಬಂದಿತು. ಯುರೋಪಿನ ಹೊರಗಿನ ದೇಶಗಳೂ ಇದನ್ನು ಸೇರಬಹುದಾದ್ದರಿಂದ ಇಂದು 60ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಅದೇ 1985ರಲ್ಲಿ ಮಿಲಾನ್ ನಗರದಲ್ಲಿ ನಡೆದ ವಿಶ್ವಸಂಸ್ಥೆಯ ಅಪರಾಧ ತಡೆ ಸಮಾವೇಶವು ವಿದೇಶಿ ಕೈದಿಗಳ ವರ್ಗಾವಣೆಗಾಗಿ ಮಾದರಿ ಒಪ್ಪಂದವೊಂದನ್ನು ಅಂಗೀಕರಿಸಿತು.

ಭಾರತದ ಕಾಯ್ದೆ

2003ಕ್ಕೆ ಮೊದಲು ವಿದೇಶಿ ನ್ಯಾಯಾಲಯವು ವಿಧಿಸಿದ ಸೆರೆವಾಸವನ್ನು ಭಾರತದ ಕಾರಾಗೃಹದಲ್ಲಿ ಜಾರಿಗೊಳಿಸಲು ಪ್ರತ್ಯೇಕ ಕಾನೂನು ಇರಲಿಲ್ಲ. ಈ ಕೊರತೆಯನ್ನು ತುಂಬಲು ಸಂಸತ್ತು 2003ರಲ್ಲಿ ಕೈದಿಗಳ ಸ್ವದೇಶ ವಾಪಸಾತಿ ಕಾಯ್ದೆಯನ್ನು ಅಂಗೀಕರಿಸಿತು. ಅದು 2004ರ ಜನವರಿ 1ರಿಂದ ಜಾರಿಗೆ ಬಂದಿತು. ಅದೇ ವರ್ಷ ಕಾಯ್ದೆಯ ನಿಯಮಗಳೂ ರೂಪುಗೊಂಡವು.

ಕಾಯ್ದೆಯು ಎರಡೂ ದಿಕ್ಕಿನ ವರ್ಗಾವಣೆಗೆ ಅನ್ವಯಿಸುತ್ತದೆ: ಭಾರತದ ಕಾರಾಗೃಹಗಳಲ್ಲಿರುವ ವಿದೇಶಿಯರನ್ನು ಅವರ ದೇಶಕ್ಕೆ ಕಳುಹಿಸುವುದು ಮತ್ತು ವಿದೇಶದಲ್ಲಿರುವ ಭಾರತೀಯ ಕೈದಿಗಳನ್ನು ಬರಮಾಡಿಕೊಳ್ಳುವುದು. ಎರಡರಲ್ಲಿಯೂ ಅಂತಿಮ ನಿರ್ಧಾರವು ಕೇಂದ್ರ ಸರ್ಕಾರದ್ದು. ಗೃಹ ಸಚಿವಾಲಯವು ಇದನ್ನು ನಿರ್ವಹಿಸುತ್ತದೆ. ಹೊರದೇಶದಿಂದ ಬಂದ ಕೈದಿಯನ್ನು ಯಾವ ಕಾರಾಗೃಹದಲ್ಲಿ ಇರಿಸಬೇಕೆಂಬುದನ್ನು ರಾಜ್ಯ ಸರ್ಕಾರದೊಡನೆ ಸಮಾಲೋಚಿಸಿ ತೀರ್ಮಾನಿಸಲಾಗುತ್ತದೆ.

ಕಾಯ್ದೆ ಇದ್ದ ಮಾತ್ರಕ್ಕೆ ಯಾವ ದೇಶದಿಂದ ಬೇಕಾದರೂ ಕೈದಿಯನ್ನು ಕರೆತರಲಾಗದು. ಆ ದೇಶದೊಡನೆ ದ್ವಿಪಕ್ಷೀಯ ಒಪ್ಪಂದವಿರಬೇಕು, ಇಲ್ಲವೇ ಎರಡೂ ದೇಶಗಳು ಒಂದೇ ಬಹುಪಕ್ಷೀಯ ಒಡಂಬಡಿಕೆಯ ಸದಸ್ಯರಾಗಿರಬೇಕು.

ಭಾರತ ಮಾಡಿಕೊಂಡಿರುವ ಒಪ್ಪಂದಗಳು

ಬ್ರಿಟನ್ನಿನೊಡನೆ 2005ರಲ್ಲಿ ಒಪ್ಪಂದವಾಯಿತು. ಮಾರಿಷಸ್, ಫ್ರಾನ್ಸ್, ಬಾಂಗ್ಲಾದೇಶ, ಶ್ರೀಲಂಕಾ, ಥಾಯ್ಲೆಂಡ್, ಇರಾನ್, ಮಾಲ್ಡೀವ್ಸ್, ಇಟಲಿ, ರಷ್ಯಾ, ಆಸ್ಟ್ರೇಲಿಯಾ ಮೊದಲಾದ ದೇಶಗಳೊಡನೆಯೂ ಒಪ್ಪಂದಗಳಿವೆ. ಕೊಲ್ಲಿ ದೇಶಗಳ ಪೈಕಿ ಸೌದಿ ಅರೇಬಿಯಾದೊಡನೆ 2010ರಲ್ಲಿ, ಸಂಯುಕ್ತ ಅರಬ್ ಸಂಸ್ಥಾನದೊಡನೆ 2011ರಲ್ಲಿ, ಕುವೈತ್‌ನೊಡನೆ 2013ರಲ್ಲಿ ಮತ್ತು ಕತಾರ್‌ನೊಡನೆ 2015ರಲ್ಲಿ ಸಹಿಯಾಯಿತು. ಬಹ್ರೇನ್ ಜೊತೆಗೂ ಒಪ್ಪಂದವಿದೆ. ಸಹಿ ಬೇರೆ, ಜಾರಿ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಎರಡೂ ದೇಶಗಳು ಅನುಮೋದನೆಯ ವಿಧಿಗಳನ್ನು ಪೂರೈಸಿದ ನಂತರವೇ ಒಪ್ಪಂದವು ಬಳಕೆಗೆ ಬರುತ್ತದೆ.

ಬಹುಪಕ್ಷೀಯ ಮಟ್ಟದಲ್ಲಿ, ಅಮೆರಿಕ ಖಂಡದ ದೇಶಗಳ ಸಂಘಟನೆಯು 1993ರಲ್ಲಿ ರೂಪಿಸಿದ ಒಡಂಬಡಿಕೆಯನ್ನು ಭಾರತವು ಸೇರಿದೆ. 2018ರಲ್ಲಿ ಯುರೋಪ್ ಮಂಡಳಿಯ ಒಡಂಬಡಿಕೆಗೂ ಸೇರ್ಪಡೆಯಾಯಿತು. ಇದರಿಂದ ಪ್ರತ್ಯೇಕ ದ್ವಿಪಕ್ಷೀಯ ಒಪ್ಪಂದವಿಲ್ಲದ ಹಲವು ದೇಶಗಳೊಡನೆಯೂ ವರ್ಗಾವಣೆಯ ದಾರಿ ತೆರೆಯಿತು.

ಪಾಕಿಸ್ತಾನದೊಡನೆ ಇರುವುದು ಬೇರೆ ಬಗೆಯ ಒಪ್ಪಂದ. 2008ರ ಮೇ 21ರ ಆ ಒಪ್ಪಂದದಂತೆ ಎರಡೂ ದೇಶಗಳು ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ತಮ್ಮ ವಶದಲ್ಲಿರುವ ಪರಸ್ಪರರ ಕೈದಿಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಅದು ರಾಯಭಾರ ಸಿಬ್ಬಂದಿಯ ಭೇಟಿಗೆ ಸಂಬಂಧಿಸಿದ್ದು, ಶಿಕ್ಷೆಯ ವರ್ಗಾವಣೆಗಲ್ಲ.

ಷರತ್ತುಗಳು

ಒಪ್ಪಂದಗಳ ವಿವರಗಳಲ್ಲಿ ವ್ಯತ್ಯಾಸವಿದ್ದರೂ ಮುಖ್ಯ ಷರತ್ತುಗಳು ಬಹುತೇಕ ಒಂದೇ ಆಗಿವೆ.

1. ಕೈದಿಯು ತಾನು ಹೋಗಬಯಸುವ ದೇಶದ ಪ್ರಜೆಯಾಗಿರಬೇಕು.

2. ತೀರ್ಪು ಅಂತಿಮವಾಗಿರಬೇಕು. ಮೇಲ್ಮನವಿಯಾಗಲಿ ಬೇರೆ ಮೊಕದ್ದಮೆಯಾಗಲಿ ಬಾಕಿಯಿರಬಾರದು. ಆದ್ದರಿಂದ ವಿಚಾರಣಾಧೀನ ಕೈದಿಗಳಿಗೆ ಇದು ಅನ್ವಯಿಸುವುದಿಲ್ಲ.

3. ಸಾಮಾನ್ಯವಾಗಿ ಕನಿಷ್ಠ 6 ತಿಂಗಳ ಶಿಕ್ಷೆ ಬಾಕಿಯಿರಬೇಕು.

4. ಮರಣದಂಡನೆಗೆ ಗುರಿಯಾದವರಿಗೂ ಸೈನಿಕ ಕಾನೂನಿನಡಿ ಶಿಕ್ಷೆಯಾದವರಿಗೂ ವರ್ಗಾವಣೆ ಸಾಮಾನ್ಯವಾಗಿ ದೊರೆಯುವುದಿಲ್ಲ.

5. ಯಾವ ಕೃತ್ಯಕ್ಕಾಗಿ ಶಿಕ್ಷೆಯಾಗಿದೆಯೋ ಅದು ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು.

6. ಶಿಕ್ಷೆ ವಿಧಿಸಿದ ದೇಶ, ಸ್ವೀಕರಿಸುವ ದೇಶ ಮತ್ತು ಕೈದಿ ಈ ಮೂವರೂ ಒಪ್ಪಬೇಕು.

ಐದನೆಯ ಷರತ್ತನ್ನು ಅಡುಗೆಮನೆಯ ಉದಾಹರಣೆಯೊಂದರಿಂದ ವಿವರಿಸಬಹುದು. ಪಾಯಸಕ್ಕೂ ಮಸಾಲೆಗೂ ಬಳಸುವ ಗಸಗಸೆಯು ಭಾರತದ ಕಿರಾಣಿ ಅಂಗಡಿಗಳಲ್ಲಿ ದೊರೆಯುತ್ತದೆ. 1985ರ ಮಾದಕವಸ್ತು ಕಾಯ್ದೆಯು ಅಫೀಮು ಗಿಡದ ಬೀಜವನ್ನು ನಿಷೇಧದಿಂದ ಹೊರಗಿಟ್ಟಿದೆ. ಆದರೆ ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಗಸಗಸೆಯನ್ನು ಮಾದಕವಸ್ತುವಿನ ಸಾಲಿಗೆ ಸೇರಿಸಿ ನಿಷೇಧಿಸಲಾಗಿದೆ. ಊರಿನಿಂದ ತಂದ ಗಸಗಸೆಯ ಪೊಟ್ಟಣಕ್ಕಾಗಿ ಅಲ್ಲಿ ಶಿಕ್ಷೆಯಾದವನ ಕೃತ್ಯವು ಇಲ್ಲಿ ಅಪರಾಧವೇ ಅಲ್ಲ. ಹೀಗಾಗಿ ಈ ಷರತ್ತಿನ ಪ್ರಕಾರ ಅವನ ಶಿಕ್ಷೆಯನ್ನು ಇಲ್ಲಿ ಮುಂದುವರಿಸಲು ಆಧಾರವಿರುವುದಿಲ್ಲ. ಸ್ವದೇಶದ ಕಾನೂನಿನಂತೆ ನಿರಪರಾಧಿಯಾಗಿರುವುದೇ ಅವನ ವರ್ಗಾವಣೆಗೆ ಅಡ್ಡಿಯಾಗುತ್ತದೆ.

ಆರನೆಯ ಷರತ್ತಿನಲ್ಲಿ ಕೈದಿಯ ಒಪ್ಪಿಗೆಗೆ ವಿಶೇಷ ಮಹತ್ವವಿದೆ. ಅದನ್ನು ಬರಹದಲ್ಲಿ ಪಡೆಯಬೇಕು. ಪರಿಣಾಮಗಳನ್ನು ತಿಳಿದು ಸ್ವಇಚ್ಛೆಯಿಂದ ನೀಡಲಾಗಿದೆಯೇ ಎಂಬುದನ್ನು ಪರಿಶೀಲಿಸಲು ಅವನ ದೇಶದ ಪ್ರತಿನಿಧಿಗೆ ಅವಕಾಶವಿರಬೇಕು. ಎಲ್ಲ ಕೈದಿಗಳೂ ಒಪ್ಪುತ್ತಾರೆಂದು ಭಾವಿಸುವಂತಿಲ್ಲ. ಕ್ಷಮಾದಾನದ ನಿರೀಕ್ಷೆಯಿರುವವರು, ಊರಿನವರಿಗೆ ಮುಖ ತೋರಿಸಲು ಹಿಂಜರಿಯುವವರು ಮತ್ತು ಅಲ್ಲಿಯೇ ಬೇಗ ಬಿಡುಗಡೆಯಾಗಬಹುದೆಂದು ನಂಬುವವರು ನಿರಾಕರಿಸುವುದುಂಟು.

ಶಿಕ್ಷೆಯ ಅವಧಿ

ವರ್ಗಾವಣೆಯಾದ ಮೇಲೆ ಶಿಕ್ಷೆ ತಾನಾಗಿಯೇ ಕಡಿಮೆಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮಾರಿಷಸ್‌ನಿಂದ ಬಂದ ಭಾರತೀಯ ಕೈದಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಈ ಪ್ರಶ್ನೆಯನ್ನು ಇತ್ಯರ್ಥಗೊಳಿಸಿತು. 152.8 ಗ್ರಾಂ ಹೆರಾಯಿನ್ ಹೊಂದಿದ್ದಕ್ಕಾಗಿ ಅವನಿಗೆ ಅಲ್ಲಿ 26 ವರ್ಷಗಳ ಶಿಕ್ಷೆಯಾಗಿತ್ತು. ಅಷ್ಟೇ ಪ್ರಮಾಣಕ್ಕೆ ಭಾರತದ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆ 10 ವರ್ಷವೆಂಬ ಕಾರಣದಿಂದ ಬಾಂಬೆ ಹೈಕೋರ್ಟ್ ಅವಧಿಯನ್ನು ಇಳಿಸಿತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ವಿದೇಶಿ ನ್ಯಾಯಾಲಯವು ವಿಧಿಸಿದ ಅವಧಿಗೆ ಸ್ವೀಕರಿಸುವ ದೇಶವು ಬದ್ಧವಾಗಿರುತ್ತದೆ. ಶಿಕ್ಷೆಯು ಭಾರತದ ಕಾನೂನಿಗೆ ಹೊಂದಿಕೆಯಾಗದಿದ್ದಾಗ ಮಾತ್ರ ಅದನ್ನು ಮಾರ್ಪಡಿಸಬಹುದು. ಇಲ್ಲಿ ಕಡಿಮೆ ಶಿಕ್ಷೆ ಇದೆ ಎಂಬುದಷ್ಟೇ ಹೊಂದಿಕೆಯಾಗದಿರುವುದಕ್ಕೆ ಸಮನಲ್ಲ ಎಂಬುದು ತೀರ್ಪಿನ ಸಾರಾಂಶ.

ತೀರ್ಪು ಸರಿಯೇ ತಪ್ಪೇ ಎಂಬುದನ್ನು ಮರುಪರಿಶೀಲಿಸುವ ಅಧಿಕಾರವು ಸಾಮಾನ್ಯವಾಗಿ ಶಿಕ್ಷೆ ವಿಧಿಸಿದ ದೇಶದಲ್ಲಿಯೇ ಉಳಿಯುತ್ತದೆ. ಭಾರತಕ್ಕೆ ಬಂದು ಇಲ್ಲಿನ ನ್ಯಾಯಾಲಯದಲ್ಲಿ ಮೇಲ್ಮನವಿ ಸಲ್ಲಿಸಿ ನಿರಪರಾಧಿಯೆಂದು ಸಾಬೀತುಪಡಿಸಬಹುದೆಂಬ ನಿರೀಕ್ಷೆಗೆ ಆಧಾರವಿಲ್ಲ.

ಬೀದರ್ ಜಿಲ್ಲೆಯ ಸಂದರ್ಭ

ಬೀದರ್ ಕರ್ನಾಟಕದ ಉತ್ತರ ತುದಿಯ ಜಿಲ್ಲೆ. ಪಶ್ಚಿಮ ಮತ್ತು ಉತ್ತರಕ್ಕೆ ಮಹಾರಾಷ್ಟ್ರ, ಪೂರ್ವಕ್ಕೆ ತೆಲಂಗಾಣ ಇವೆ. ಮಳೆಯನ್ನೇ ನೆಚ್ಚಿದ ಬೇಸಾಯವು ಸಾಲದಾಗ ಇಲ್ಲಿನ ಜನರು ಹೈದರಾಬಾದ್, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುತ್ತಾರೆ. ಕೆಲವರು ಚಾಲಕರಾಗಿ, ಕಟ್ಟಡ ಕಾರ್ಮಿಕರಾಗಿ, ಅಂಗಡಿ ಮತ್ತು ಮನೆಗೆಲಸದವರಾಗಿ ಕೊಲ್ಲಿ ದೇಶಗಳಿಗೆ ತೆರಳುತ್ತಾರೆ. ಅವರಿಗೆ ಹತ್ತಿರದ ದೊಡ್ಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಹೈದರಾಬಾದಿನ ಶಂಶಾಬಾದಿನಲ್ಲಿದೆ.

ವಿದೇಶಾಂಗ ಸಚಿವಾಲಯವು 2025ರ ಮಾರ್ಚ್‌ನಲ್ಲಿ ಸಂಸತ್ತಿಗೆ ನೀಡಿದ ಮಾಹಿತಿಯಂತೆ ವಿದೇಶಿ ಕಾರಾಗೃಹಗಳಲ್ಲಿ ವಿಚಾರಣಾಧೀನರೂ ಸೇರಿ 10,152 ಭಾರತೀಯರಿದ್ದರು. ಅವರಲ್ಲಿ 2,633 ಮಂದಿ ಸೌದಿ ಅರೇಬಿಯಾದಲ್ಲಿಯೂ 2,518 ಮಂದಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಇದ್ದರು. ಅಂದರೆ ಅರ್ಧದಷ್ಟು ಜನರು ಈ ಎರಡೇ ದೇಶಗಳಲ್ಲಿದ್ದರು.

ವಿದೇಶದಲ್ಲಿ ಬಂಧಿತನಾದವನಿಗೆ ಮೊದಲು ದೊರೆಯಬೇಕಾದುದು ರಾಯಭಾರ ಕಚೇರಿಯ ಸಂಪರ್ಕ. 1963ರ ವಿಯೆನ್ನಾ ಒಡಂಬಡಿಕೆಯ 36ನೆಯ ವಿಧಿಯಂತೆ, ಬಂಧಿತನು ಕೋರಿದರೆ ಅವನ ದೇಶದ ದೂತಾವಾಸಕ್ಕೆ ತಡಮಾಡದೆ ತಿಳಿಸಬೇಕು. ಈ ಹಕ್ಕಿನ ಬಗ್ಗೆ ಅವನಿಗೂ ಹೇಳಬೇಕು. ಮನೆಯವರು ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದ ಮೂಲಕ ದೂರು ದಾಖಲಿಸಬಹುದು. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಅರ್ಹ ಪ್ರಕರಣಗಳಲ್ಲಿ ಕಾನೂನು ನೆರವು ದೊರೆಯುತ್ತದೆ.

ಶಿಕ್ಷೆ ಅಂತಿಮವಾದ ಮೇಲೆ ಕೈದಿಯು ಅಲ್ಲಿನ ಕಾರಾಗೃಹದ ಅಧಿಕಾರಿಗಳಿಗೆ ಅಥವಾ ಭಾರತೀಯ ರಾಯಭಾರ ಕಚೇರಿಗೆ ವರ್ಗಾವಣೆಯ ಇಚ್ಛೆಯನ್ನು ತಿಳಿಸುತ್ತಾನೆ. ತೀರ್ಪಿನ ಪ್ರತಿ, ಅನ್ವಯಿಸಿದ ಕಾನೂನಿನ ಪಾಠ, ಅನುಭವಿಸಿದ ಮತ್ತು ಬಾಕಿಯಿರುವ ಶಿಕ್ಷೆಯ ವಿವರ ಹಾಗೂ ಒಪ್ಪಿಗೆ ಪತ್ರಗಳು ದೆಹಲಿಗೆ ಬರುತ್ತವೆ. ಅಲ್ಲಿಂದ ಪೌರತ್ವ ಮತ್ತು ವಿಳಾಸದ ಪರಿಶೀಲನೆಗಾಗಿ ರಾಜ್ಯದ ಅಭಿಪ್ರಾಯವನ್ನು ಕೇಳಲಾಗುತ್ತದೆ. ಔರಾದ್ ತಾಲ್ಲೂಕಿನ ಹಳ್ಳಿಯವನ ಕಡತವು ಹೀಗೆ ಪರದೇಶದ ಕಾರಾಗೃಹದಿಂದ ದೆಹಲಿ, ಬೆಂಗಳೂರುಗಳನ್ನು ದಾಟಿ ಅವನ ಊರಿನ ಪೊಲೀಸ್ ಠಾಣೆಯವರೆಗೂ ಬರಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಆಧಾರ್ ಅಥವಾ ಶಾಲಾ ದಾಖಲೆಯಲ್ಲಿರುವ ಹೆಸರಿಗೂ ಹೊಂದಿಕೆಯಾಗದಿದ್ದರೆ ಈ ಹಂತದಲ್ಲಿ ತಡವಾಗಬಹುದು. ಆದ್ದರಿಂದ ವಿದೇಶಕ್ಕೆ ಹೋದವರ ಪಾಸ್‌ಪೋರ್ಟ್, ವೀಸಾ ಮತ್ತು ಉದ್ಯೋಗ ಕರಾರಿನ ನಕಲುಗಳು ಮನೆಯಲ್ಲಿರುವುದು ಉಪಯುಕ್ತ.

ಭಾಷೆಯೂ ಒಂದು ತೊಡಕು. ಬೀದರಿನಲ್ಲಿ ಕನ್ನಡದೊಂದಿಗೆ ಉರ್ದು, ಮರಾಠಿ, ತೆಲುಗು ಬಳಕೆಯಲ್ಲಿವೆ. ಕೊಲ್ಲಿ ದೇಶಗಳ ನ್ಯಾಯಾಲಯದ ಭಾಷೆ ಅರಬ್ಬಿ. ಉರ್ದುವಿನ ಲಿಪಿಯು ಅರಬ್ಬಿ ಲಿಪಿಯನ್ನು ಹೋಲುವುದರಿಂದ ಅಕ್ಷರಗಳನ್ನು ಓದಬಲ್ಲವರಿಗೂ ತೀರ್ಪಿನ ಅರ್ಥ ತಿಳಿಯುವುದಿಲ್ಲ. ಅಧಿಕೃತ ಅನುವಾದವಿಲ್ಲದೆ ಯಾವ ಕಾಗದಕ್ಕೂ ಒಪ್ಪಿಗೆಯ ಸಹಿ ಹಾಕುವುದು ಅಪಾಯಕರ.

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಬೀದರ್ ನಗರದಲ್ಲಿದೆ; ಅದರ ಅಧೀನದಲ್ಲಿ ತಾಲ್ಲೂಕು ಸಮಿತಿಗಳು ಕೆಲಸ ಮಾಡುತ್ತವೆ. 1987ರ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಉಚಿತ ಕಾನೂನು ನೆರವಿಗೆ ಅರ್ಹರು. ಅರ್ಜಿ ಬರೆಯಲು ಮತ್ತು ಸರಿಯಾದ ಕಚೇರಿಗೆ ತಲುಪಿಸಲು ಭಾಲ್ಕಿ, ಔರಾದ್‌ಗಳ ಕುಟುಂಬಗಳಿಗೆ ಇದು ಹತ್ತಿರದ ನೆಲೆ. ಹಣ ಕೊಟ್ಟರೆ ಒಪ್ಪಂದದಡಿ ಬಿಡಿಸಿಕೊಂಡು ಬರುವುದಾಗಿ ಹೇಳುವ ದಲ್ಲಾಳಿಗಳ ಮಾತಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಈ ವ್ಯವಸ್ಥೆಯಲ್ಲಿ ಮಧ್ಯವರ್ತಿಗೆ ಸ್ಥಾನವೇ ಇಲ್ಲ.

ವರ್ಗಾವಣೆಯಾಗಿ ಬಂದವರನ್ನು ಊರಿನ ಕಾರಾಗೃಹದಲ್ಲಿಯೇ ಇರಿಸಬೇಕೆಂಬ ನಿಯಮವಿಲ್ಲ. ಬೀದರಿನಲ್ಲಿ ಜಿಲ್ಲಾ ಕಾರಾಗೃಹವಿದೆ. ದೀರ್ಘ ಶಿಕ್ಷೆಯವರನ್ನು ಸಾಮಾನ್ಯವಾಗಿ ಕೇಂದ್ರ ಕಾರಾಗೃಹಗಳಲ್ಲಿ ಇರಿಸಲಾಗುತ್ತದೆ. ಬೀದರಿಗೆ ಸಮೀಪದ ಕೇಂದ್ರ ಕಾರಾಗೃಹವು ಸುಮಾರು 110 ಕಿ.ಮೀ. ದೂರದ ಕಲಬುರಗಿಯಲ್ಲಿದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಆರಂಭವಾದ ಮೇಲೆ ಆ ಪ್ರಯಾಣ ಸುಲಭವಾಗಿದೆ. ಬೆಳಿಗ್ಗೆ ಹೊರಟು ಮಗನನ್ನು ಕಂಡು ರಾತ್ರಿಯೊಳಗೆ ಮನೆ ಸೇರಬಹುದಾದ ಈ ದೂರಕ್ಕೂ ರಿಯಾದ್‌ನ ದೂರಕ್ಕೂ ಇರುವ ಅಂತರದಲ್ಲಿಯೇ ವರ್ಗಾವಣೆ ಒಪ್ಪಂದಗಳ ನಿಜವಾದ ಪ್ರಯೋಜನವಿದೆ. ಕಾರಾಗೃಹದ ಆಡಳಿತಕ್ಕೆ ಸಂಬಂಧಿಸಿದ ಅಹವಾಲುಗಳನ್ನು ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠದ ಮುಂದೆ ಸಲ್ಲಿಸಬಹುದು.

ರಾಜ್ಯಗಳ ನಡುವಿನ ವರ್ಗಾವಣೆ

ಗಡಿ ಜಿಲ್ಲೆಯಾದ ಬೀದರಿನಲ್ಲಿ ದೇಶದೊಳಗಿನ ವರ್ಗಾವಣೆಯ ಪ್ರಶ್ನೆಯೂ ಬರುತ್ತದೆ. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಹಳೆಯ ಬೀದರ್ ಜಿಲ್ಲೆಯು 1956ರ ನವೆಂಬರ್ 1ರಂದು ಮೂರು ರಾಜ್ಯಗಳಲ್ಲಿ ಹಂಚಿಹೋಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಪ್ರದೇಶಗಳು ಮೈಸೂರು ರಾಜ್ಯಕ್ಕೂ, ಉದಗೀರ್, ನಿಲಂಗಾ, ಅಹಮದ್‌ಪುರಗಳು ಅಂದಿನ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ್ ಭಾಗಗಳು ಆಂಧ್ರ ಪ್ರದೇಶಕ್ಕೂ ಸೇರಿದವು. ಸಂಬಂಧಗಳೂ ಸಂತೆಗಳೂ ಗಡಿಯ ಎರಡೂ ಬದಿಯಲ್ಲಿ ಉಳಿದಿರುವುದರಿಂದ ಒಂದು ರಾಜ್ಯದ ನಿವಾಸಿ ಇನ್ನೊಂದು ರಾಜ್ಯದಲ್ಲಿ ಶಿಕ್ಷೆಗೊಳಗಾಗುವುದು ಅಸಹಜವಲ್ಲ.

ಇಂತಹ ಸಂದರ್ಭಕ್ಕಾಗಿ 1950ರ ಕೈದಿಗಳ ವರ್ಗಾವಣೆ ಕಾಯ್ದೆ ರೂಪುಗೊಂಡಿತು. ಇದರಂತೆ ಎರಡು ರಾಜ್ಯ ಸರ್ಕಾರಗಳು ಒಪ್ಪಿದರೆ ಸಜಾಬಂದಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಳುಹಿಸಬಹುದು. ಅಂತರರಾಷ್ಟ್ರೀಯ ವರ್ಗಾವಣೆಯಲ್ಲಿರುವಂತೆ ಕೈದಿಯ ಒಪ್ಪಿಗೆಯನ್ನು ಈ ಕಾಯ್ದೆಯು ಷರತ್ತಾಗಿ ವಿಧಿಸಿಲ್ಲ.

ಒಪ್ಪಂದದ ಹೊರಗಿನ ದಾರಿಗಳು

ವಿದೇಶದ ಸೆರೆಯಿಂದ ಭಾರತೀಯರು ಮರಳಿದ ಪ್ರಸಿದ್ಧ ಪ್ರಕರಣಗಳೆಲ್ಲವೂ ವರ್ಗಾವಣೆ ಒಪ್ಪಂದದ ಫಲವಲ್ಲ. 2023ರ ಅಕ್ಟೋಬರ್‌ನಲ್ಲಿ ಕತಾರ್ ನ್ಯಾಯಾಲಯವು ಭಾರತೀಯ ನೌಕಾಪಡೆಯ 8 ಮಾಜಿ ಸಿಬ್ಬಂದಿಗೆ ಮರಣದಂಡನೆ ವಿಧಿಸಿತು. ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ಸೆರೆವಾಸಕ್ಕೆ ಇಳಿಸಿತು. ಆಗ ವರ್ಗಾವಣೆ ಒಪ್ಪಂದದ ಚರ್ಚೆ ನಡೆಯಿತಾದರೂ, 2024ರ ಫೆಬ್ರವರಿಯಲ್ಲಿ ಅವರು ಬಿಡುಗಡೆಯಾದುದು ಕತಾರ್‌ನ ಅಮೀರರ ನಿರ್ಧಾರದಿಂದ.

ಕರ್ನಾಟಕದ ಕರಾವಳಿಯ ಎರಡು ಪ್ರಕರಣಗಳೂ ಗಮನಾರ್ಹ. ಸೌದಿ ಅರೇಬಿಯಾದಲ್ಲಿದ್ದ ಉಡುಪಿ ಜಿಲ್ಲೆಯ ಉದ್ಯೋಗಿಯೊಬ್ಬರು ಅಲ್ಲಿನ ಆಳ್ವಿಕೆಯ ವಿರುದ್ಧದ ಫೇಸ್‌ಬುಕ್ ಬರಹದ ಕಾರಣಕ್ಕೆ 2019ರ ಡಿಸೆಂಬರ್‌ನಲ್ಲಿ ಬಂಧಿತರಾದರು. ಅವರ ಹೆಸರಿನಲ್ಲಿ ಬೇರೆಯವರು ನಕಲಿ ಖಾತೆ ತೆರೆದಿದ್ದರೆಂಬುದನ್ನು ಉಡುಪಿ ಪೊಲೀಸರು ಪತ್ತೆಹಚ್ಚಿದರು. 2021ರ ಆಗಸ್ಟ್‌ನಲ್ಲಿ ಅವರು ಊರಿಗೆ ಮರಳಿದರು. ಇದೇ ಬಗೆಯ ಆರೋಪದಲ್ಲಿ 2020ರಲ್ಲಿ ಬಂಧಿತರಾದ ದಕ್ಷಿಣ ಕನ್ನಡದ ಇನ್ನೊಬ್ಬರಿಗೆ 15 ವರ್ಷಗಳ ಶಿಕ್ಷೆಯಾಯಿತು. ನಕಲಿ ಖಾತೆಯ ಬಗ್ಗೆ ಇಲ್ಲಿ ನಡೆಯಬೇಕಿದ್ದ ತನಿಖೆಯ ವಿಳಂಬವನ್ನು ಕರ್ನಾಟಕ ಹೈಕೋರ್ಟ್ 2023ರಲ್ಲಿ ಆಕ್ಷೇಪಿಸಿತು. ನಿರಪರಾಧಿಯೆಂದು ವಾದಿಸುವವನಿಗೆ ಬೇಕಾದುದು ಸಾಕ್ಷ್ಯ ಮತ್ತು ರಾಜತಾಂತ್ರಿಕ ಪ್ರಯತ್ನ; ಅವು ಬಂಧನದ ಆರಂಭದ ದಿನಗಳಲ್ಲಿಯೇ ನಡೆಯಬೇಕು. ವರ್ಗಾವಣೆ ಒಪ್ಪಂದವು ಅದಕ್ಕೆ ಬದಲಿಯಾಗಲಾರದು.

ಮಿತಿಗಳು

ಒಪ್ಪಂದಗಳ ಸಂಖ್ಯೆಗೆ ಹೋಲಿಸಿದರೆ ವಾಸ್ತವವಾಗಿ ವರ್ಗಾವಣೆಯಾಗಿ ಬಂದವರ ಸಂಖ್ಯೆ ಚಿಕ್ಕದು. ವಿದೇಶದಲ್ಲಿರುವ ಭಾರತೀಯ ಕೈದಿಗಳಲ್ಲಿ ವಿಚಾರಣಾಧೀನರು ಸೇರಿರುವುದು, ಮೂವರ ಒಪ್ಪಿಗೆ ಕೂಡಿಬರದಿರುವುದು, ದಾಖಲೆಗಳ ಅನುವಾದ ಮತ್ತು ಪರಿಶೀಲನೆಗೆ ಹಿಡಿಯುವ ಸಮಯ ಇದಕ್ಕೆ ಕಾರಣಗಳಾಗಿವೆ. ದಂಡ ಅಥವಾ ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರ ಧನ ಬಾಕಿಯಿದ್ದರೂ ತಡವಾಗಬಹುದು. ಅಲ್ಪಾವಧಿಯ ಶಿಕ್ಷೆಯವರ ಕಡತವು ಪೂರ್ಣಗೊಳ್ಳುವ ಮೊದಲೇ ಶಿಕ್ಷೆ ಮುಗಿಯುವುದೂ ಉಂಟು.

ಒಪ್ಪಂದವು ಕೈದಿಗೆ ಅರ್ಜಿ ಸಲ್ಲಿಸುವ ಅವಕಾಶವನ್ನು ನೀಡುತ್ತದೆ. ವರ್ಗಾವಣೆಯನ್ನು ಹಕ್ಕಾಗಿ ನೀಡುವುದಿಲ್ಲ. ಎರಡರಲ್ಲಿ ಯಾವ ದೇಶವಾದರೂ ಕೋರಿಕೆಯನ್ನು ನಿರಾಕರಿಸಬಹುದು. ಆದಕಾರಣ ದೀರ್ಘ ಶಿಕ್ಷೆ ಅಂತಿಮಗೊಂಡು ಮೇಲ್ಮನವಿಯ ದಾರಿ ಮುಗಿದಿರುವ ಕೈದಿಗಳಿಗೆ ಈ ವ್ಯವಸ್ಥೆಯು ಹೆಚ್ಚು ಉಪಯುಕ್ತವಾಗಿದೆ.